ಪೆಟ್ಟಿಗೆಯಲ್ಲಿ ಬಾರದ ಕಾರು

ಫೆರಾರಿ ಕಟ್ಟೋದು ಸುಲಭ. ಟಾಟಾ ಎಸ್ಟೇಟ್ ಕಟ್ಟೋದು ಕಷ್ಟ. ತಮಾಷೆ ಅಲ್ಲ, ಲೆಗೊ, ಅಂದರೆ ಒಂದಕ್ಕೊಂದು ಕೂರುವ ಪ್ಲಾಸ್ಟಿಕ್ ತುಂಡುಗಳ ಆಟಿಕೆ ಹಿಡಿದು ಕೂತವರಿಗೆ ಗೊತ್ತಿರುತ್ತದೆ. ಫೆರಾರಿಗಾದರೆ ದುಡ್ಡು ಕೊಟ್ಟರೆ ಆಯ್ತು. ಪೆಟ್ಟಿಗೆಯೊಳಗೆ ನಂಬರ್ ಹಾಕಿದ ಪೊಟ್ಟಣಗಳು, ಜೊತೆಗೊಂದು ಚಿತ್ರದ ಪುಸ್ತಕ. ಪುಟ ತಿರುಗಿಸುತ್ತಾ, ತುಂಡು ಒತ್ತುತ್ತಾ ಹೋದರೆ ಸಂಜೆಯೊಳಗೆ ಗಾಡಿ ರೆಡಿ. ಲೆಗೊ ಕಂಪೆನಿ 2016ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ತಂದಿತು, 1167 ತುಂಡು. 2020ರಲ್ಲಿ ಫಿಯಟ್ 500 ಬಂತು, 960 ತುಂಡು. ಎರಡೂ ಚೆಂದ. ಆದರೆ ಜರ್ಮನಿಯವರ ಮನೆ ಕಾರು, ಇಟಲಿಯವರ ಮನೆ ಕಾರು. ನಮ್ಮ ಮನೆ ಅಂಗಳದಲ್ಲಿ ನಿಂತಿದ್ದ ಗಾಡಿಯನ್ನು ಯಾರೂ ಪೆಟ್ಟಿಗೆಯಲ್ಲಿ ಹಾಕಿ ಕೊಡೋದಿಲ್ಲ. ಹೊಸ ಐಡಿಯಾ ಕಳಿಸಿ ಅಂತ ಲೆಗೊದವರದ್ದೇ ಒಂದು ವ್ಯವಸ್ಥೆ ಉಂಟು. ಹತ್ತು ಸಾವಿರ ಜನ ಬೆಂಬಲಿಸಿದರೆ ಪರಿಶೀಲನೆ ಮಾಡ್ತಾರೆ. ಟಾಟಾ ಎಸ್ಟೇಟ್ ಕಂಡವರೇ ಈಗ ಎಷ್ಟು ಜನ ಉಳಿದಿದ್ದಾರೋ!

ಹಾಗಾಗಿ ನಾವೇ ಕಟ್ಟಬೇಕು. ಈ ಆಟಿಯ ಮಳೆಯಲ್ಲಿ ನಾನು ಅದಕ್ಕೇ ಕೂತಿದ್ದೇನೆ. ಮಂಗಳೂರು ಬಿಜೈಯ ನಮ್ಮ ಮನೆಯ ಊಟದ ಮೇಜಿನ ಅರ್ಧ ಭಾಗ ಸದ್ಯಕ್ಕೆ ವರ್ಕ್‌ಶಾಪ್. ಡಿಸಿ ಮಳೆ ರಜೆ ಕೊಟ್ಟ ದಿನ ಮಗಳೂ ಸೇರುತ್ತಾಳೆ.

ಮೊನ್ನೆ ಪಕ್ಕದ ಮನೆಯವರು ಬಂದವರು ಮೇಜಿನ ಮೇಲೆ ಕಣ್ಣು ಹಾಯಿಸಿದರು. ಬಿಳಿ ಬಣ್ಣ, ಉದ್ದ ಮೈ, ಹಿಂದೆ ದೊಡ್ಡ ಬಾಗಿಲು. "ಎಂತ ಮಾರಾಯ್ರೆ, ಆಂಬುಲೆನ್ಸಾ?" ಅಂದರು.

ಸಿಟ್ಟು ಬರಲಿಲ್ಲ. ಈ ದೇಶದಲ್ಲಿ ಎಸ್ಟೇಟ್ ಕಾರುಗಳು, ಅಂದರೆ ಛಾವಣಿ ಬಾಲದವರೆಗೂ ಚಾಚಿ ಹಿಂದೆ ಸಾಮಾನಿಗೆ ಜಾಗ ಇರುವ ಕಾರುಗಳು, ಸೋತಿದ್ದೇ ಆ ಒಂದು ಪ್ರಶ್ನೆಯಿಂದ. ಟಾಟಾದವರು ಲಾರಿ ಮಾಡುತ್ತಿದ್ದವರು. 1988ರಲ್ಲಿ ಟಾಟಾ ಮೊಬೈಲ್ ಪಿಕಪ್ ತಂದರು. ಅದೇ ಅಡಿಪಾಯದ ಮೇಲೆ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್. 1948 ಸಿಸಿಯ ಡೀಸೆಲ್ ಇಂಜಿನ್. ಓಟದಲ್ಲಿ ಅಂಥ ಚುರುಕಿರಲಿಲ್ಲ ಬಿಡಿ, ಶಿರಾಡಿ ಹತ್ತುವಾಗ ಹಿಂದಿನವರು ಹಾರ್ನ್ ಹೊಡೀತಾ ಇದ್ದರು. ಆದರೆ ಆ ಕಾಲಕ್ಕೆ ಪವರ್ ವಿಂಡೋ ಇದ್ದ ಗಾಡಿ! ಮಕ್ಕಳು ಆ ಸ್ವಿಚ್ಚನ್ನು ಒತ್ತಲಿಕ್ಕೆಂದೇ ಹತ್ತುತ್ತಿದ್ದರು. ಆಮೇಲೆ ಮಾರುತಿಯವರು ಬಲೆನೊ ಆಲ್ಟುರಾ ತಂದರು, ಸ್ಕೋಡಾದವರು ಆಕ್ಟೇವಿಯಾ ಕಾಂಬಿ ತಂದರು, 2004ರಲ್ಲಿ ಟಾಟಾದವರೇ ಮತ್ತೆ ಇಂಡಿಗೊ ಮರೀನಾ ತಂದರು. ಒಂದೂ ನಿಲ್ಲಲಿಲ್ಲ. ನಮ್ಮವರಿಗೆ ಕಾರು ಅಂದರೆ ಡಿಕ್ಕಿ ಬೇರೆಯಾಗಿ ಹಿಂದೆ ಚಾಚಿಕೊಂಡು ಕಾಣಬೇಕು. ಇಲ್ಲದಿದ್ದರೆ ಮರ್ಯಾದೆ ಕಮ್ಮಿ. ಅದರ ಮೇಲೆ 2006ರ ಬಜೆಟ್‌ನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡ ಇರುವ ಸಣ್ಣ ಕಾರುಗಳ ಅಬಕಾರಿ ಸುಂಕ 24ರಿಂದ 16 ಪರ್ಸೆಂಟಿಗೆ ಇಳಿಯಿತು. ಕಂಪೆನಿಗಳೆಲ್ಲ ಕಾರಿನ ಬಾಲ ಕತ್ತರಿಸಲಿಕ್ಕೆ ಹೊರಟವು. ಉದ್ದ ಮೈಯ ಗಾಡಿಯನ್ನು ಕೇಳುವವರಿಲ್ಲ ಅಂತ ಆಯ್ತು.

ನನ್ನ ಪ್ರಕಾರ ಎಸ್ಟೇಟ್ ಕಾರು ಅತಿ ಜಾಸ್ತಿ ಬೇಕಾಗಿದ್ದದ್ದು ನಮ್ಮ ಕರಾವಳಿಯವರಿಗೆ. ಕಾರ್ಕಳದ ಮಾವನ ಹತ್ರ ಒಂದಿತ್ತು. ಪೇಟೆಗೆ ಬರುವಾಗ ಹಿಂದೆ ಏನೆಲ್ಲ ಇರುತ್ತಿತ್ತು ಅಂತೀರಿ. ಕುಚ್ಚಲಕ್ಕಿ ಮೂಟೆ, ಸುಲಿಯದ ತೆಂಗಿನಕಾಯಿ, ಬಾಳೆಗೊನೆ, ಎರಡು ಹಲಸಿನಹಣ್ಣು. ಉಳಿದ ಸಂದಿಯಲ್ಲಿ ನಾವು ಮಕ್ಕಳು. (ಈಗಾದರೆ ಪೊಲೀಸರು ಫೈನ್ ಹಾಕ್ತಾರೆ. ಹಾಕಬೇಕಾದ್ದೇ.) ರಾತ್ರಿ ಬಯಲಾಟ ನೋಡಲಿಕ್ಕೆ ಹೋದರೆ ಹಿಂದಿನ ಸೀಟು ಮಡಚಿ, ಚಾಪೆ ಹಾಸಿ ನಮ್ಮನ್ನು ಅಲ್ಲೇ ಮಲಗಿಸುತ್ತಿದ್ದರು. ಚೆಂಡೆಯ ಪೆಟ್ಟು ಜೋರಾದಾಗ ಎದ್ದು ಕೂತು ಗಾಜಿನಿಂದಲೇ ನೋಡುತ್ತಿದ್ದೆವು. ಮದುವೆ ಮನೆಯ ಕಡಾಯಿ, ಕಾಯಿಲೆಯ ಅಜ್ಜಿ, ಮಠಕ್ಕೆ ಹೊರೆಕಾಣಿಕೆ, ಎಲ್ಲವೂ ಆ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಿತ್ತು. ಇವತ್ತು ಎಲ್ಲರೂ ಎಸ್‌ಯುವಿ ಎಸ್‌ಯುವಿ ಅಂತಾರಲ್ವಾ, ಎಸ್ಟೇಟನ್ನೇ ಒಂದು ಗೇಣು ಮೇಲೆ ಎತ್ತಿ ನಿಲ್ಲಿಸಿ ದುಪ್ಪಟ್ಟು ರೇಟಿಗೆ ಮಾರ್ತಾ ಇದ್ದಾರೆ. ಕೊಳ್ಳುತ್ತಿರುವವರೂ ಅವತ್ತು ಆಂಬುಲೆನ್ಸ್ ಅಂತ ನಕ್ಕವರೇ.

ಇನ್ನು ಕಟ್ಟುವ ವಿಷಯಕ್ಕೆ ಬರ್ತೇನೆ. ಎಲ್ಲಿಂದ ಶುರು ಮಾಡಬೇಕು ಅಂತ ತುಂಬ ಜನ ಕೇಳ್ತಾರೆ. ಟೈರಿನಿಂದ. ಬೇರೆ ತುಂಡು ಹೇಗೆ ಬೇಕಾದರೂ ಜೋಡಿಸಬಹುದು, ಟೈರು ಮಾತ್ರ ಅವರು ಮಾಡಿದ ಅಳತೆಯಲ್ಲೇ ಸಿಗೋದು. ನನ್ನ ಹತ್ರ ಇದ್ದದ್ದು 43.2 ಮಿಲಿಮೀಟರಿನದ್ದು. ಫ್ಯಾಮಿಲಿ ಕಾರಿನ ನಿಜವಾದ ಟೈರು ಸುಮಾರು 65 ಸೆಂಟಿಮೀಟರ್ ಎತ್ತರ. ಭಾಗಿಸಿದರೆ ಹದಿನೈದು. ಅಂದರೆ ಇಡೀ ಗಾಡಿ ಹದಿನೈದನೇ ಒಂದು ಪಾಲು. 1.7 ಮೀಟರ್ ಅಗಲದ ಕಾರು 113 ಮಿಲಿಮೀಟರ್ ಆಗುತ್ತದೆ. ತುಂಡಿನ ಮೇಲಿನ ಉರುಟು ಬೊಟ್ಟಿಗೆ ಸ್ಟಡ್ ಅಂತಾರೆ, ಒಂದರಿಂದ ಇನ್ನೊಂದಕ್ಕೆ 8 ಮಿಲಿಮೀಟರ್ ದೂರ. 14 ಸ್ಟಡ್ ಇಟ್ಟರೆ 112. ಬರೇ ಒಂದು ಮಿಲಿಮೀಟರ್ ಕಮ್ಮಿ! ಆ ಲೆಕ್ಕ ಕೂಡಿದಾಗ ಅರ್ಧ ಕಾರು ಕಟ್ಟಿದಷ್ಟು ಖುಷಿ ಆಯ್ತು.

ಹಂಚಿನ ಊರಿನವರಿಗೆ ಈ ಆಟ ಬೇಗ ಅರ್ಥ ಆಗಬೇಕು. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರಲ್ಲ, ಆ ಮಂಗಳೂರು ಹಂಚಿನ ಗುಟ್ಟೂ ಇದುವೇ. ಒಂದರ ಏಣು ಇನ್ನೊಂದರ ತಗ್ಗಿಗೆ ಕೂರಬೇಕು. ಗಾರೆ ಬೇಡ, ಮೊಳೆ ಬೇಡ, ಅಳತೆ ಒಂದು ಸರಿ ಇದ್ದರೆ ಸಾಕು. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ ಲೆಗೊದವರು 1958ರ ಜನವರಿ 28ರಂದು ಪೇಟೆಂಟ್‌ಗೆ ಅರ್ಜಿ ಹಾಕಿದ ಜೋಡಣೆಯೇ ಇವತ್ತಿಗೂ ನಡೀತಾ ಉಂಟು. ಆಗಿನ ತುಂಡು ಈಗಿನದ್ದಕ್ಕೆ ಕೂರುತ್ತದೆ. ಅಗ್ಗದ ನಕಲಿ ತುಂಡು ತಗೊಳ್ಳಿ ಅಂತ ಸಲಹೆ ಕೊಡುವವರಿಗೆ ನನ್ನ ಉತ್ತರ ಅದೇ. ಕೆಲವು ನಕಲಿ ಚೆನ್ನಾಗಿಯೇ ಇರುತ್ತವೆ, ಇಲ್ಲ ಅನ್ನೋದಿಲ್ಲ. ಆದರೆ ಸಾಲಿಗೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಮೂವತ್ತೆಂಟು ಸ್ಟಡ್ ಉದ್ದದ ಗಾಡಿಯಲ್ಲಿ ಕೊನೆಗೆ ಬಾಗಿಲು ಮುಚ್ಚೋದಿಲ್ಲ.

ಮುಂಭಾಗ ಬೇಗ ಮುಗಿಯಿತು. ಚಪ್ಪಟೆ ಬಾನೆಟ್, ಚೌಕ ಹೆಡ್‌ಲೈಟು. ತುಂಡುಗಳನ್ನು ಮಲಗಿಸಿ, ಸ್ಟಡ್ ಮುಂದಕ್ಕೆ ಬರುವ ಹಾಗೆ ಬ್ರ್ಯಾಕೆಟ್ ಅನ್ನುವ L ಆಕಾರದ ತುಂಡಿನ ಮೇಲೆ ಕೂರಿಸಿದರೆ ಗ್ರಿಲ್ ತಾನಾಗಿ ಬರುತ್ತದೆ. ಇಲ್ಲಿ ಒಂದು ಚೆಂದದ ಲೆಕ್ಕ ಉಂಟು. ಪ್ಲೇಟ್ ಅನ್ನುವ ತೆಳು ತುಂಡು 3.2 ಮಿಲಿಮೀಟರ್ ದಪ್ಪ. ಐದನ್ನು ಒಂದರ ಮೇಲೊಂದು ಇಟ್ಟರೆ 16. ಎರಡು ಸ್ಟಡ್ ಅಗಲವೂ 16. ಹಾಗಾಗಿ ನಿಂತ ತುಂಡು, ಮಲಗಿದ ತುಂಡು ಒಂದಕ್ಕೊಂದು ಸಂದಿಲ್ಲದೆ ಸೇರುತ್ತವೆ. ಇದು ಗೊತ್ತಿದ್ದರೆ ಯಾವ ಕಾರಿನ ಮುಖವನ್ನೂ ಮಾಡಬಹುದು.

ಎಸ್ಟೇಟ್ ಕಾರಿನ ಜೀವ ಇರುವುದು ಹಿಂಭಾಗದಲ್ಲಿ. ಹಿಂದಿನ ಚಕ್ರದಿಂದ ಬಾಗಿಲಿನವರೆಗಿನ ಆ ಜಾಗ, ಉದ್ದದ ಗಾಜು, ಕೊನೆಯ ಪಿಲ್ಲರ್, ಅಂದರೆ ಛಾವಣಿ ಹೊರುವ ಕಂಬ. ಅದು ಕೈಕೊಟ್ಟರೆ ಮುಂದೆ ಎಷ್ಟು ಚೆಂದ ಮಾಡಿದರೂ ವೇಸ್ಟ್. ಹಿಂದಿನ ಬಾಗಿಲನ್ನು ನೆಟ್ಟಗೆ ನಿಲ್ಲಿಸಿದರೆ ಓಮ್ನಿ ಆಗುತ್ತದೆ, ಪಕ್ಕದ ಮನೆಯವರು ಹೇಳಿದ ಆಂಬುಲೆನ್ಸೇ. ಜಾಸ್ತಿ ವಾಲಿಸಿದರೆ ಯಾವುದೋ ಹ್ಯಾಚ್‌ಬ್ಯಾಕ್. ಸ್ವಲ್ಪವೇ ಸ್ವಲ್ಪ ಮುಂದಕ್ಕೆ ವಾಲಬೇಕು. ಕಟಕಟ ಅನ್ನುವ ಹಲ್ಲಿನ ಹಿಂಜ್ (ಕೀಲು) ತುಂಡುಗಳು 22.5 ಡಿಗ್ರಿಗೊಮ್ಮೆ ನಿಲ್ಲುತ್ತವೆ, ನನಗೆ ಅಷ್ಟು ಬೇಡ. ಹಾಗಾಗಿ ಸರಳಿಗೆ ಕ್ಲಿಪ್ ಹಾಕಿ ಮೇಲಿನಿಂದ ನೇತು ಹಾಕಿದೆ. ಕೆಳಗಿನ ಅಂಚಿಗೆ ಅರ್ಧ ಪ್ಲೇಟ್, ಅಂದರೆ 1.6 ಮಿಲಿಮೀಟರ್ ದಪ್ಪದ ಬ್ರ್ಯಾಕೆಟ್ ತಡೆ ಕೊಟ್ಟೆ. ಬಾಗಿಲು ಬಂದು ಅದಕ್ಕೆ ತಾಗಿ ನಿಂತಿತು. ಪಕ್ಕದಿಂದ ನೋಡಿದೆ. ಮಾವನ ಗಾಡಿ!

ಇನ್ನೊಂದು ತಲೆನೋವು ಅಂದರೆ ಗಾಡಿಯ ಮಾಡು, ಛಾವಣಿ. ಎಸ್ಟೇಟಿನ ಮಾಡು ಮುಂದಿನ ಗ್ಲಾಸಿನಿಂದ ಬಾಲದವರೆಗೆ ಒಂದೇ ಹಾಳೆ. ಅದನ್ನು ಹೊರಬೇಕಾದ್ದು ಒಂದೊಂದು ಸ್ಟಡ್ ದಪ್ಪದ ಪಿಲ್ಲರುಗಳು. ಕಂಪ್ಯೂಟರಿನಲ್ಲಿ ಸ್ಟುಡಿಯೊ ಅನ್ನುವ ಉಚಿತ ಸಾಫ್ಟ್‌ವೇರ್ ಉಂಟು, ಅದರಲ್ಲಿ ಮಾಡಿದರೆ ಮಾಡು ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಭಾರ ಅನ್ನೋದೇ ಇಲ್ಲವಲ್ಲ. ಮೇಜಿನ ಮೇಲೆ ಅದೇ ಮಾಡು ನಡುವೆ ಬಗ್ಗುತ್ತದೆ. ಪ್ಲೇಟುಗಳ ಜೋಡು ಒಂದರ ಮೇಲೊಂದು ಬಾರದ ಹಾಗೆ ಎರಡು ಪದರ ಹಾಕಿ, ನಡುವಿನ ಮತ್ತು ಕೊನೆಯ ಪಿಲ್ಲರಿನೊಳಗೆ ಲೆಗೊದವರದ್ದೇ ಟೆಕ್ನಿಕ್ ಅನ್ನುವ ಬಗೆಯ ಸರಳು ತೂರಿಸಿದ ಮೇಲೆ ನಿಂತಿತು. ಉಳಿದ ಪಿಲ್ಲರುಗಳು ಬರೇ ತೋರಿಕೆಗೆ.

ಗಾಜು ಹಾಕಿಲ್ಲ. ಖಾಲಿ ಬಿಟ್ಟಿದ್ದೇನೆ. ಆ ಅಳತೆಗೆ ಸರಿಯಾದ ಪಾರದರ್ಶಕ ತುಂಡು ಸಿಗೋದಿಲ್ಲ, ಸಣ್ಣಸಣ್ಣದ್ದನ್ನು ಜೋಡಿಸಿದರೆ ಬಾತ್‌ರೂಮಿನ ಕಿಟಕಿ ಹಾಗೆ ಕಾಣುತ್ತದೆ. ತಪ್ಪು ಗಾಜಿಗಿಂತ ಖಾಲಿ ಕಿಟಕಿ ಎಷ್ಟೋ ವಾಸಿ. ವೈಪರ್, ಬಾಗಿಲಿನ ಹಿಡಿ, ಆಂಟೆನಾ ಅಂತ ಎಲ್ಲವನ್ನೂ ಅಂಟಿಸುವವರಿದ್ದಾರೆ. ಒಟ್ಟು ಆಕಾರ ತಪ್ಪಿದ ಗಾಡಿಗೆ ಎಷ್ಟು ವೈಪರ್ ಹಾಕಿದರೂ ಅಷ್ಟೇ.

ತುಂಡು ಎಲ್ಲಿಂದ ತರಿಸ್ತೀರಿ ಅಂದರೆ, ಅದೊಂದು ದೊಡ್ಡ ಕತೆ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯ್ತು. 2021ರ ಜನವರಿಯಿಂದ ಬಿಐಎಸ್ ಅನ್ನುವ ಸರಕಾರಿ ಗುಣಮಟ್ಟದ ಗುರುತೂ ಕಡ್ಡಾಯ. ನಮ್ಮವರು ಮಾಡುವ ಆಟಿಕೆ ಮಾರಾಟವಾಗಲಿ ಅನ್ನುವುದು ಸರಿಯೇ, ನನ್ನ ತಕರಾರಿಲ್ಲ. ಆದರೆ ನನಗೆ ಬೇಕಾದ ಒಂದು ಬಿಳಿ ಬ್ರ್ಯಾಕೆಟ್ ಚನ್ನಪಟ್ಟಣದಲ್ಲಿ ಸಿಗೋದಿಲ್ಲವಲ್ಲ! ಮಂಗಳೂರಿನವರಿಗೆ ಇರುವ ದಾರಿ ನಿಮಗೆಲ್ಲ ಗೊತ್ತಿದ್ದದ್ದೇ. ದುಬೈಯಲ್ಲಿ ಭಾವ ಇದ್ದಾರೆ. ಊರಿಗೆ ಬರುವಾಗ ಸೂಟ್‌ಕೇಸಿನ ಮೂಲೆಯಲ್ಲಿ ಖರ್ಜೂರದ ಪಕ್ಕ ಒಂದು ಪೊಟ್ಟಣ ಬಿಳಿ ಪ್ಲೇಟ್. "ನಿನ್ನ ಹಂಚು ತಂದಿದ್ದೇನೆ ಮಾರಾಯ" ಅಂತ ಫೋನ್ ಮಾಡ್ತಾರೆ.

ಬಿಳಿ ಯಾಕೆ ಅಂದರೆ, ಬೇಕಾದ ತುಂಡುಗಳೆಲ್ಲ ಆ ಬಣ್ಣದಲ್ಲಿ ಸಿಗುತ್ತವೆ. ಮಾವನದ್ದು ಕಡು ಕೆಂಪು, ಅದರಲ್ಲಿ ಅರ್ಧಕ್ಕರ್ಧ ತುಂಡು ಇಲ್ಲ. ಬಿಳಿಗೆ ಬಿಸಿಲು ಆಗೋದಿಲ್ಲ, ವರ್ಷ ಕಳೆದರೆ ಹಳದಿ ತಿರುಗುತ್ತದೆ. ಕಿಟಕಿ ಹತ್ರ ಇಡಬೇಡಿ. ನಂಬರ್ ಪ್ಲೇಟಿನ ಸ್ಟಿಕ್ಕರನ್ನು ಮಳೆಗಾಲ ಮುಗಿದ ಮೇಲೆ ಅಂಟಿಸ್ತೇನೆ. ನಮ್ಮೂರಿನ ತಂಡಿಗೆ ಈಗ ಅಂಟಿಸಿದರೆ ನಾಳೆಗೆ ಸುರುಳಿ.

ಈ ವಯಸ್ಸಲ್ಲಿ ಮಕ್ಕಳಾಟ ಯಾಕೆ ಅನ್ನುವವರ ಹತ್ರ ನಾನು ವಾದ ಮಾಡೋದಿಲ್ಲ. ಮಗಳ ಹತ್ರ ಮಾಡಬೇಕಾಗುತ್ತದೆ. ಅವಳಿಗೆ ಬರೇ ನೋಡುವ ಕಾರು ಬೇಡ, ಸಾಮಾನು ಹಾಕಬೇಕು. ನನಗೂ ಅದೇ ಸರಿ ಅನ್ನಿಸಿತು. ಹಿಂದಿನ ಸೀಟು ಮಡಚುವ ಹಾಗೆ ಮಾಡಿಕೊಟ್ಟೆ. ಹದಿನೈದನೇ ಒಂದು ಪಾಲಿನ ಹಲಸಿನಹಣ್ಣು ಅಂದರೆ ಹೆಚ್ಚುಕಮ್ಮಿ ಮೂರು ಸೆಂಟಿಮೀಟರ್, ಒಂದು ಗೇರುಬೀಜದಷ್ಟು. ಅಟ್ಟದಲ್ಲಿದ್ದ ಸಿಪ್ಪೆ ಬೀಜ ತಂದು ತುಂಬಿಸಿದಳು. ಏಳು ಹಿಡಿಸಿತು. "ಅಪ್ಪ, ಇನ್ನೂ ಜಾಗ ಉಂಟು" ಅಂತ ಅಕ್ಕಿ ಮೂಟೆಗೆ ಬಟ್ಟೆ ಹೊಲೀಲಿಕ್ಕೆ ಅಜ್ಜಿಯನ್ನು ಹಿಡಿದಿದ್ದಾಳೆ.

ಇನ್ನು ಉಳಿದದ್ದು ಒಂದೇ ಜಾಗ. ಹಿಂದಿನ ಬಾಗಿಲಿನ ಕೆಳಗಿನ ಅಂಚು ಬಂಪರಿಗೆ ಸೇರುವಲ್ಲಿ ಹೇಗಿತ್ತು ಅಂತ ಯಾವ ಫೋಟೋದಲ್ಲೂ ಸರಿಯಾಗಿ ಕಾಣೋದಿಲ್ಲ. ಎಲ್ಲರೂ ಮುಂದೆ ನಿಂತೇ ಫೋಟೋ ತೆಗೆಸಿಕೊಂಡಿದ್ದಾರೆ! ಉಡುಪಿ, ಕಾರ್ಕಳ, ಪುತ್ತೂರು ಕಡೆ ಯಾರ ಮನೆಯಲ್ಲಾದರೂ ಟಾಟಾ ಎಸ್ಟೇಟ್ ಇದ್ದರೆ ದಯವಿಟ್ಟು ತಿಳಿಸಿ. ಓಡಬೇಕೂಂತಿಲ್ಲ, ಕೊಟ್ಟಿಗೆಯಲ್ಲಿ ಸೌದೆ ತುಂಬಿಸಿ ಇಟ್ಟಿದ್ದರೂ ಸಾಕು. ಟೇಪ್ ಹಿಡಿದುಕೊಂಡು ನಾನೇ ಬರ್ತೇನೆ. ಆದಿತ್ಯವಾರ ಆದರೆ ಒಳ್ಳೇದು, ಮಗಳೂ ಬರ್ತಾಳಂತೆ.