ಬೀಗ ಇದ್ದರೆ ಸಾಕಾ?

ಜರ್ಮನಿಯಲ್ಲಿ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೆಂಗಳೂರಿಗೆ ಬಂದಾಗ ಪೀಣ್ಯದ ಗೆಳೆಯರು ಕೇಳುತ್ತಾರೆ, "ಕೆಮಿಕಲ್ ಇಡೋಕೆ ಯಾವ ಬೀರು ತಗೋಬೇಕು ಹೇಳಪ್ಪ." ಒಳಗೆ ಏನಿಡ್ತೀರಿ ಅಂತ ತಿರುಗಿ ಕೇಳಿದರೆ ಬರುವ ಉತ್ತರ, "ಎಲ್ಲಾನೂ!"

ತಕರಾರು ಇರುವುದೇ ಅಲ್ಲಿ. ನಮ್ಮ ಕಡೆ ಬೀರು ಕೊಳ್ಳುವುದು ಕಳ್ಳನಿಗೆ ಹೆದರಿ. ಬೀಗ ಗಟ್ಟಿ, ತಗಡು ತೆಳು. ಅಪಾಯದ್ದು ಅನ್ನಿಸಿದ್ದೆಲ್ಲ ಒಂದೇ ಕಡೆ, ಕೀಲಿ ಸೂಪರ್‌ವೈಸರ್ ಜೇಬಿನಲ್ಲಿ. ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಯೂನಿಟ್‌ಗಳು ಬೇಕಾದಷ್ಟಿವೆ. ಅಲ್ಲಿ ಬಳಸುವ ಸೋಡಿಯಂ ಸಯನೈಡ್ ವಿಷ ಅಂತ ಬೀಗ ಹಾಕಿ ಇಡುವುದು ಸರಿ, ಆದರೆ ಅದೇ ಬೀರುವಿನ ಮೇಲಿನ ಹಲಗೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನ್ ಇಟ್ಟು, ಅದು ಸೋರಿ ಕೆಳಗಿನ ಸಯನೈಡ್ ಮೇಲೆ ಬಿದ್ದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಬಾಗಿಲು ತೆರೆದವನ ಕಥೆ ಮುಗಿದಂತೆ. ನೈಟ್ರಿಕ್ ಆಸಿಡ್ ಮತ್ತು ಅಸಿಟೋನನ್ನು ಒಟ್ಟಿಗೆ ಇಡುವುದೂ ಹೀಗೇ, ಬೆಂಕಿಗೆ ಕಡ್ಡಿ ಗೀರುವುದೇ ಬೇಡ. ಸಾಲದ್ದಕ್ಕೆ ಆಸಿಡ್ ಹೊಗೆಗೆ ಕಬ್ಬಿಣದ ಬೀರು ತುಕ್ಕು ಹಿಡಿಯುತ್ತದೆ. ಆಸಿಡ್ಡಿಗೆ ಬೇಕಿರುವುದು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಟ್ರೇ, ಪ್ರತ್ಯೇಕ ಬೀರು.

ಇನ್ನು ಥಿನ್ನರ್, ಟೊಲುಯೀನ್, ಅಸಿಟೋನಿನಂಥ ಬೇಗ ಹೊತ್ತುವ ದ್ರವಗಳು. ಇಲ್ಲಿ ನೋಡುವುದು ನಿಮಿಷಗಳನ್ನು. ಇಎನ್ 14470-1 ಅನ್ನುವ ಯುರೋಪಿನ ಮಾನದಂಡದಲ್ಲಿ 15, 30, 60, 90 ನಿಮಿಷದ ದರ್ಜೆಗಳಿವೆ. ಹೊರಗೆ ಬೆಂಕಿ ಉರಿಯುತ್ತಿದ್ದರೂ ಅಷ್ಟು ಹೊತ್ತು ಒಳಗಿನ ಬಿಸಿ ಮೊದಲು ಇದ್ದದ್ದರ ಮೇಲೆ 180 ಡಿಗ್ರಿಗಿಂತ ಜಾಸ್ತಿ ಏರಬಾರದು. ಕೋಣೆಯ ಬಿಸಿ 50 ಡಿಗ್ರಿ ಮುಟ್ಟಿದರೆ ಬಾಗಿಲು ತಾನೇ ಮುಚ್ಚಿಕೊಳ್ಳಬೇಕು. ಜರ್ಮನಿಯ ನಮ್ಮ ಲ್ಯಾಬಿನಲ್ಲಿರುವುದು 90ರದ್ದು. ಅಮೆರಿಕದ ಲೆಕ್ಕವೇ ಬೇರೆ. ಎರಡು ಪದರದ ಉಕ್ಕಿನ ತಗಡು, ನಡುವೆ ಒಂದೂವರೆ ಇಂಚು ಗಾಳಿ, 10 ನಿಮಿಷದ ಬೆಂಕಿ ಪರೀಕ್ಷೆ. ಅಂದರೆ ಜನ ಹೊರಗೆ ಓಡಿ ಬಚಾವಾಗುವಷ್ಟು ಸಮಯ. ನಾನು ಬೆಂಗಳೂರಿನಲ್ಲಿ ನೋಡಿದ ಹಳದಿ ಬೀರುಗಳಲ್ಲಿ ಹೆಚ್ಚಿನವು ಈ ನಮೂನೆಯವೇ. ಅದೂ ತಪ್ಪಲ್ಲ, ಮಾರುವವರು ಅದನ್ನು "ಫೈರ್ ಪ್ರೂಫ್" ಅನ್ನದಿದ್ದರೆ.

ಆದರೆ ಹಳದಿ ಬಳಿದ ಮಾತ್ರಕ್ಕೆ ಅಮೆರಿಕದ ಬೀರೂ ಆಗುವುದಿಲ್ಲ, ಅಲ್ವಾ? ಲೋಕಲ್ ಫ್ಯಾಬ್ರಿಕೇಟರ್ ಹತ್ತಿರ ಒಂದು ಪದರದ ತಗಡಿನಲ್ಲಿ ಮಾಡಿಸಿ, "ಒಳಗೆ ಗಾಳಿ ಆಡಲಿ" ಅಂತ ಅಕ್ಕಪಕ್ಕ ತೂತು ಹೊಡೆಸುತ್ತಾರೆ. ಬೆಂಕಿ ಬಂದರೆ ಅದೇ ತೂತಿನಿಂದ ಒಳಗೆ ಹೋಗುತ್ತದೆ. ಜರ್ಮನ್ ಬೀರುವಿನಲ್ಲಿ ಗಾಳಿಗೆ ದಾರಿ ಇದೆ ನಿಜ, ಆದರೆ ಸುಮಾರು 70 ಡಿಗ್ರಿಗೆ ಅದು ತಾನಾಗಿ ಮುಚ್ಚುತ್ತದೆ, ಆವಿಯನ್ನು ಕೊಳವೆ ಹಾಕಿ ಹೊರಗೆ ಬಿಡುತ್ತಾರೆ. ಅಸಿಟೋನಿನ ಆವಿ ಮೈನಸ್ 20ರಲ್ಲೇ ಕಿಡಿ ತಾಗಿದರೆ ಹೊತ್ತುತ್ತದೆ, ಟೊಲುಯೀನ್‌ದು 4 ಡಿಗ್ರಿಗೆ. ಬೆಂಗಳೂರಿನ ಡಿಸೆಂಬರ್ ಚಳಿಯೂ ಅದಕ್ಕೆ ಸೆಖೆಯೇ.

ಹಾಗಂತ ಎಲ್ಲರೂ 90ರ ಬೀರು ತರಿಸಿ ಅನ್ನಲಾರೆ. ಬೆಲೆ ಸಣ್ಣ ಯೂನಿಟ್‌ಗೆ ಎಟುಕುವುದಿಲ್ಲ. ದೊಡ್ಡದು ಖಾಲಿ ಇದ್ದಾಗಲೇ 400 ಕೆಜಿ ದಾಟುತ್ತದೆ, ಅಟ್ಟದ ಮೇಲೆ ಇಡುವ ಮಾತೇ ಇಲ್ಲ. ಸಂದಿಯಲ್ಲಿ ಫೈರ್ ಇಂಜಿನ್ ತಡವಾಗಿ ಬರುವ ಕಡೆಯೇ ಜಾಸ್ತಿ ನಿಮಿಷದ ಬೀರು ಬೇಕು, ಅಲ್ಲಿಯೇ ಅದನ್ನು ಕೊಳ್ಳಲು ಆಗುವುದಿಲ್ಲ. ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ.

ಜರ್ಮನಿಯವರಿಂದ ನಾನು ಮೊದಲು ಎರವಲು ತರುವುದಾದರೆ ಬೀರುವನ್ನಲ್ಲ, ಇನ್ನೊಂದು ನಿಯಮವನ್ನು: ಕೆಲಸದ ಮೇಜಿನ ಹತ್ತಿರ ಆ ಪಾಳಿಗೆ ಬೇಕಾದಷ್ಟೇ ಇರಬೇಕು. ಇದಕ್ಕೆ ದುಡ್ಡು ಬೇಡ. ಮೂಲೆಯಲ್ಲಿ 200 ಲೀಟರ್ ಡ್ರಮ್ ನಿಲ್ಲಿಸಿಕೊಂಡು ಬೀರುವಿನ ದರ್ಜೆ ಚರ್ಚೆ ಮಾಡುವುದು ಸುಮ್ನೆ ಕಾಲಹರಣ. ಜರ್ಮನರೇನೂ ದೇವರಲ್ಲ, ತಾನೇ ಮುಚ್ಚುವ ಬಾಗಿಲಿಗೆ ಮರದ ತುಂಡು ಸಿಕ್ಕಿಸಿ ತೆರೆದಿಟ್ಟವರನ್ನು ಇಲ್ಲೂ ಕಂಡಿದ್ದೇನೆ.

ಕೊಳ್ಳುವಾಗ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ, ಅದರಲ್ಲಿ ನಿಮಿಷ ಎಷ್ಟು ಬರೆದಿದೆ ನೋಡಿ. ಸೋರಿದ್ದನ್ನು ಹಿಡಿಯುವ ತಳದ ಟ್ರೇಯನ್ನೂ ಅಳೆಯಿರಿ. ಯುರೋಪಿನ ಲೆಕ್ಕದಲ್ಲಿ ಒಳಗಿಡುವ ಒಟ್ಟು ದ್ರವದ 10 ಶೇಕಡಾ, ಇಲ್ಲವೇ ಅತಿ ದೊಡ್ಡ ಕ್ಯಾನಿನ 110 ಶೇಕಡಾ, ಯಾವುದು ಹೆಚ್ಚೋ ಅಷ್ಟು ಹಿಡಿಯಬೇಕು. 30 ಲೀಟರ್ ಕ್ಯಾನ್ ಇಡುವುದಾದರೆ ಕನಿಷ್ಠ 33 ಲೀಟರ್ ಟ್ರೇ.