ಜಠರವಿಲ್ಲದ ಮೀನಿಗೆ ಡಿಸಿಪಿ ತಿನ್ನಿಸಿ ಏನು ಪ್ರಯೋಜನ?

ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ನಮ್ಮ ಕೆರೆ, ಕೃಷಿಹೊಂಡಗಳಲ್ಲಿ ಸಾಕುವ ಗೆಂಡೆ ಜಾತಿಯ ಈ ಯಾವ ಮೀನಿಗೂ ಜಠರವಿಲ್ಲ. ಅನ್ನನಾಳ ಮುಗಿದಲ್ಲೇ ಕರುಳು ಶುರು. ಆಮ್ಲ ಸುರಿಯುವ ಚೀಲವಿಲ್ಲ, ತಿಂದದ್ದನ್ನು ಹೆಚ್ಚು ಹೊತ್ತು ಕೂಡಿಟ್ಟುಕೊಳ್ಳುವ ಜಾಗವೂ ಇಲ್ಲ. ಯಾವ ಪೂರಕ ಕೊಡಬೇಕು ಅನ್ನುವ ಯೋಚನೆ ಇಲ್ಲಿಂದ ಹೊರಡಬೇಕು. ನಾವು ಮಾತ್ರ ದನಕ್ಕೆ ತಂದ ಮಿನರಲ್ ಮಿಕ್ಸ್ಚರನ್ನೇ ಒಂದು ಹಿಡಿ ತೌಡಿಗೆ ಬೆರೆಸಿ ಹೊಂಡಕ್ಕೆ ಸುರಿಯುತ್ತೇವೆ.

ಮುಖ್ಯವಾದದ್ದು ರಂಜಕ. ಕ್ಯಾಲ್ಸಿಯಂ ಅನ್ನು ಮೀನು ಕಿವಿರಿನ ಮೂಲಕ ನೀರಿನಿಂದಲೇ ಹೀರಿಕೊಳ್ಳುತ್ತದೆ. ನೀರಿನಲ್ಲಿ ರಂಜಕ ತೀರಾ ಕಡಿಮೆ, ಹಾಗಾಗಿ ಅದು ಮೇವಿನಲ್ಲೇ ಬರಬೇಕು. ಗೆಂಡೆಗೆ ಮೇವಿನಲ್ಲಿ ಶೇ 0.6ರಿಂದ 0.7ರಷ್ಟು ದಕ್ಕುವ ರಂಜಕ ಬೇಕು. 'ದಕ್ಕುವ' ಅನ್ನುವ ಪದವೇ ಇಲ್ಲಿ ಎಲ್ಲ. ತೌಡು, ಹಿಂಡಿಯ ರಂಜಕದ ಬಹುಪಾಲು ಫೈಟೇಟ್ ಎಂಬ, ಮೀನು ಅರಗಿಸಿಕೊಳ್ಳಲಾರದ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಅಂಗಡಿಯ ರಂಜಕದ ಲವಣಗಳಲ್ಲೂ ವ್ಯತ್ಯಾಸ ಬಹಳ. ಸಾಮಾನ್ಯ ಗೆಂಡೆಗೆ ಮಾನೋಕ್ಯಾಲ್ಸಿಯಂ ಫಾಸ್ಫೇಟ್‌ನ ರಂಜಕದಲ್ಲಿ ಸುಮಾರು ಶೇ 94 ದಕ್ಕುತ್ತದೆ, ಡಿಸಿಪಿಯಲ್ಲಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಶೇ 46, ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಶೇ 13 ಮಾತ್ರ. ಕರಗಿಸಲು ಆಮ್ಲವೇ ಇಲ್ಲದಿದ್ದ ಮೇಲೆ ಇನ್ನೇನಾದೀತು? ದಕ್ಕದೆ ಉಳಿದದ್ದು ಹಿಕ್ಕೆಯಲ್ಲಿ ಹೊರಬಂದು ಪಾಚಿಗೆ ಗೊಬ್ಬರವಾಗುತ್ತದೆ. ನೀರು ಕಡುಹಸಿರಾಗಿ, ರಾತ್ರಿ ಆಮ್ಲಜನಕ ಕುಸಿಯುತ್ತದೆ. ಹಾಗಾಗಿ ಡಿಸಿಪಿ ಅಗ್ಗವೆಂದು ಕೊಳ್ಳಬೇಡಿ. ಮೇವಿನ ಕೆಜಿಗೆ 10ರಿಂದ 15 ಗ್ರಾಂ ಮಾನೋಕ್ಯಾಲ್ಸಿಯಂ ಫಾಸ್ಫೇಟ್ ಸಾಕು.

ಫೈಟೇಟ್ ಒಡೆದು ರಂಜಕ ಬಿಡಿಸುವ ಫೈಟೇಸ್ ಕಿಣ್ವ ಮಾರುವವರಿಗೂ ಆಮ್ಲವಿಲ್ಲದೆ ಅದು ಕೆಲಸ ಮಾಡೀತೇ ಎಂದು ಕೇಳಿ. ಆ ಕಿಣ್ವಕ್ಕೆ ಹುಳಿ ವಾತಾವರಣ ಬೇಕು, ಗೆಂಡೆಯ ಕರುಳಿನ ಪಿಎಚ್ 7ರ ಆಸುಪಾಸಿನದು. ರೋಹು ಮರಿಗಳ ಪ್ರಯೋಗದಲ್ಲಿ ಕೆಜಿ ಮೇವಿಗೆ 500 ಯೂನಿಟ್ ಫೈಟೇಸ್ ಜೊತೆ ಶೇ 3ರಷ್ಟು ಸಿಟ್ರಿಕ್ ಆಮ್ಲ ಸೇರಿಸಿದಾಗ ಮೂಳೆಗೆ ಖನಿಜ ಚೆನ್ನಾಗಿ ಸೇರಿತು. ತಿಲಾಪಿಯಾ, ಪಂಗಾಸಿಯಸ್ ಸಾಕುವವರ ಲೆಕ್ಕವೇ ಬೇರೆ, ಅವಕ್ಕೆ ಆಮ್ಲ ಸುರಿಸುವ ಜಠರವಿದೆ.

ರಾಮನಗರ, ಶಿಡ್ಲಘಟ್ಟದ ಸುತ್ತ ರೀಲಿಂಗ್ ಘಟಕಗಳಿಂದ ಮೇವಿಗೆ ಸೇರಿಸಲು ರೇಷ್ಮೆಯ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ಸಿಗುತ್ತದೆ. ಅದರ ಪ್ರೋಟೀನ್ ಒಳ್ಳೆಯದು, ಎಣ್ಣೆಯೇ ಅಪಾಯ. ಒಣಗಿಸಿದರೂ ಆ ಎಣ್ಣೆ ಬೇಗ ಕಮಟುತ್ತದೆ, ಕಮಟಿದ ಎಣ್ಣೆ ವಿಟಮಿನ್ ಇ ಯನ್ನು ಸುಟ್ಟುಹಾಕುತ್ತದೆ. ಜಪಾನಿನಲ್ಲಿ ಇಂಥ ಪ್ಯೂಪಾ ತಿಂದ ಗೆಂಡೆಗಳಿಗೆ ಬೆನ್ನಿನ ಮಾಂಸ ಕರಗಿ, ಬೆನ್ನು ಕತ್ತಿಯಂಚಿನಂತಾಗುವ ಕಾಯಿಲೆ ಬಂತು. ಅದನ್ನು ಅಲ್ಲಿ 'ಸೆಕೊಕೆ' ಎನ್ನುತ್ತಾರೆ. ಎಣ್ಣೆ ತೆಗೆದ ಪ್ಯೂಪಾ ಬಳಸಿ, ಇಲ್ಲವೇ ತಾಜಾ ಇರುವಾಗಲೇ ಮುಗಿಸಿ. ಕೆಜಿ ಮೇವಿಗೆ 100 ಮಿಲಿಗ್ರಾಂ ವಿಟಮಿನ್ ಇ ಇರಲಿ. ಗಿರಣಿಯ ತೌಡೂ ಕೆಲವೇ ದಿನಗಳಲ್ಲಿ ಕಮಟುತ್ತದೆ, ಎಣ್ಣೆ ತೆಗೆದ ತೌಡು ಮಾತ್ರ ತಿಂಗಳುಗಟ್ಟಲೆ ಇಡಲು ಬರುತ್ತದೆ.

ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಕಂಡರೆ ಬಿಸಾಡಿ. ಬಿಸಿಲಿಗೆ ಹಾಕಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಎಂಬ ವಿಷ ಸಾಯುವುದಿಲ್ಲ. ಬೇಯಿಸಿದರೂ ಹೋಗುವುದಿಲ್ಲ. ಅದು ಪಿತ್ತಜನಕಾಂಗ ಕೆಡಿಸಿದ ಮೇಲೆ ಎಂಥ ಟಾನಿಕ್ ಕೊಟ್ಟರೂ ವ್ಯರ್ಥ. ಹಿಂಡಿ ಚೀಲ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಲಿ, ತೇವ ಶೇ 12 ದಾಟದಿರಲಿ. ಹಸಿ ಸೋಯಾವನ್ನಂತೂ ಹುರಿಯದೆ, ಬೇಯಿಸದೆ ಕೊಡಲೇಬಾರದು. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಅದರಲ್ಲಿದೆ.

ವಿಟಮಿನ್ ಸಿ ಯನ್ನು ಗೆಂಡೆಗಳು ತಾವೇ ತಯಾರಿಸಿಕೊಳ್ಳಲಾರವು. ಕೊರತೆಯಾದರೆ ಮರಿಗಳ ಬೆನ್ನೆಲುಬು ಸೊಟ್ಟಗಾಗುತ್ತದೆ. ಬಿಡಿ ಆಸ್ಕಾರ್ಬಿಕ್ ಆಮ್ಲದ, ಅಂದರೆ ವಿಟಮಿನ್ ಸಿ ಯ, ಪುಡಿ ಮೇವಿನ ಗುಳಿಗೆ ಮಾಡುವ ಯಂತ್ರದ ಶಾಖಕ್ಕೂ ದಾಸ್ತಾನಿಗೂ ನಿಲ್ಲದು. ಶಾಖ ತಾಳುವ, ಶೇ 35 ವಿಟಮಿನ್ ಸಿ ಸತ್ವದ ಆಸ್ಕಾರ್ಬಿಲ್ ಫಾಸ್ಫೇಟನ್ನು ಕೆಜಿ ಮೇವಿಗೆ 300ರಿಂದ 600 ಮಿಲಿಗ್ರಾಂ ಹಾಕಿ.

ಪೂರಕಗಳಲ್ಲಿ ಕೊನೆಯದು ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಾಣು. ಲೇಬಲ್ ಮೇಲೆ ಜೀವಾಣುವಿನ ಪ್ರಭೇದ, ಗ್ರಾಂಗೆ ಎಷ್ಟು ಸಿಎಫ್‌ಯು (ಜೀವಂತ ಜೀವಾಣುಗಳ ಎಣಿಕೆ), ತಯಾರಾದ ದಿನಾಂಕ ಇಲ್ಲದಿದ್ದರೆ ಕೊಳ್ಳಬೇಡಿ. ಬ್ಯಾಸಿಲಸ್‌ನ ಬೀಜಾಣು ಶಾಖ ತಡೆಯುತ್ತದೆ, ಲ್ಯಾಕ್ಟೋಬ್ಯಾಸಿಲಸ್ ತಡೆಯದು. ಹಾಗಾಗಿ ಅದನ್ನು ತಣ್ಣಗಾದ ಗಂಜಿಯಲ್ಲಿ ಕಲಸಿ, ಗುಳಿಗೆಗೆ ಸವರಿ, ಅರ್ಧ ಗಂಟೆ ನೆರಳಲ್ಲಿ ಆರಿಸಿ, ಅಂದೇ ಮುಗಿಸಿ. ಅದರ ಜೊತೆ ಆ್ಯಂಟಿಬಯಾಟಿಕ್ ಕೊಟ್ಟರೆ ಹಾಕಿದ ಜೀವಾಣುವನ್ನು ನೀವೇ ಕೊಂದ ಹಾಗೆ. ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ಮೀನು ಸಾಕಣೆಯಲ್ಲಿ ಬಳಸುವುದನ್ನು 2019ರ ಜುಲೈನಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಔಷಧ ನಾಟದಾಗ ಉಳಿಯುವ ಕೊನೆಯ ಮದ್ದುಗಳಲ್ಲಿ ಅದೂ ಒಂದು.

ಎಕರೆ ಹೊಂಡದಲ್ಲಿ ಅರ್ಧ ಕೆಜಿಯ 2000 ಮೀನಿದ್ದರೆ ಒಟ್ಟು ತೂಕ 1000 ಕೆಜಿ. ಶೇ 2ರ ಲೆಕ್ಕದಲ್ಲಿ ದಿನಕ್ಕೆ 20 ಕೆಜಿ ಮೇವು. ಜಠರವಿಲ್ಲದ್ದಕ್ಕೆ ಇದನ್ನು ಒಮ್ಮೆಲೇ ಸುರಿಯದೆ ಎರಡು ಮೂರು ಪಾಲು ಮಾಡಿ. ಆಂಧ್ರದ ಕೊಲ್ಲೇರು ಸರೋವರದ ಭಾಗದವರಂತೆ ತಳಕ್ಕೆ ತೂತು ಮಾಡಿದ ಚೀಲಗಳನ್ನು ಗಳಕ್ಕೆ ಕಟ್ಟಿ ಇಳಿಬಿಟ್ಟರೆ ಮೀನು ಬೇಕಾದಷ್ಟು ಎಳೆದುಕೊಳ್ಳುತ್ತದೆ. ಎರಡು ಗಂಟೆಯ ಮೇಲೂ ಚೀಲದಲ್ಲಿ ಮೇವು ಉಳಿದಿದ್ದರೆ ಮರುದಿನ ಮೇವನ್ನು ಕಾಲು ಭಾಗ ಕಡಿಮೆ ಮಾಡಿ. ಹಿಕ್ಕೆಯ ಬಿಳಿ ಲೋಳೆಯ ಎಳೆಗಳು ನೀರಲ್ಲಿ ತೇಲುತ್ತಿದ್ದರೆ ಒಂದೆರಡು ಮೀನು ಹಿಡಿದು ಹೊಟ್ಟೆ ಕೊಯ್ದು ನೋಡಿ. ಕರುಳು ಕೆಂಪಗಾಗಿ, ಒಳಗೆ ಹಳದಿ ನೀರು ತುಂಬಿದ್ದರೆ ಅಂದೇ ಮೇವು ನಿಲ್ಲಿಸಿ, ಹಿಂಡಿಯ ಚೀಲ ಬಿಚ್ಚಿ ಮೂಸಿ ನೋಡಿ. ಮೋಡ ಕವಿದ ದಿನ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆ ಹೊತ್ತಿಗೆ ಮೇವೂ ಬೇಡ, ಪೂರಕವೂ ಬೇಡ, ಪಂಪ್ ಹಾಕಿ ನೀರು ಚಿಮ್ಮಿಸಿ.