ಹೆಬ್ಬೆಟ್ಟು ಒತ್ತಿದ ಮೇಲೆ

ಮೊನ್ನೆ ರಾತ್ರಿ 11.30ಕ್ಕೆ, ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಕಾರ್ಡು ಛಾಪಿಸುವ ನಮ್ಮಿಂದ ಒಬ್ಬ ಸೀರೆ ಅಂಗಡಿಯ ಸಾವಕಾರರಿಗೆ ಗಿಫ್ಟ್ ಕಾರ್ಡಿನ ಪ್ರೂಫ್, ಅಂದರೆ ಛಾಪಿಸುವ ಮೊದಲು ನೋಡಿ ಒಪ್ಪಬೇಕಾದ ಕರಡು, ಹೋಯಿತು. 11.31ಕ್ಕೆ ವಾಟ್ಸಾಪಿನಲ್ಲಿ ಹಳದಿ ಹೆಬ್ಬೆಟ್ಟು ಬಂತು. ಕಾರ್ಡಿನ ಎರಡು ಬದಿ, ವಿಳಾಸ, ಎರಡು ಫೋನ್ ನಂಬರು, ಇರುವೆ ಗಾತ್ರದ ಅಕ್ಷರದಲ್ಲಿ ಆರು ಸಾಲು ಶರತ್ತು. ಇಷ್ಟನ್ನೂ ಒಂದೇ ನಿಮಿಷದಲ್ಲಿ ಓದಿ ಮುಗಿಸಿದ ಆ ಸಾವಕಾರರ ಕಣ್ಣಿಗೆ ದೃಷ್ಟಿ ತೆಗೆಯಬೇಕು. ಇವತ್ತು ಬೆಳಿಗ್ಗೆ 500 ಗಿಫ್ಟ್ ಕಾರ್ಡು ಡಬ್ಬಿ ಸೇರಿ ಅಂಗಡಿ ಮುಟ್ಟಿದ ಮೇಲೆ ಫೋನು:

"ಅಣ್ಣಾರ, ದಾಜಿಬಾನ ಪೇಟೆ ಹೋಗಿ ದಾಜಿಬಾನ ಪೇಟ ಆಗೇತಲ್ರೀ. ಪೇಟಾ ಅಂದ್ರ ತಲಿಗೆ ಸುತ್ತೋದು. ನಾವು ಸೀರಿ ಮಾರೋರು!"

ಹಿಂದೆ ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಆದರೆ ಒತ್ತುವ ಮೊದಲು, "ಏನ್ ಬರದೀರಿ, ಒಮ್ಮೆ ಓದಿ ಹೇಳ್ರೀ" ಎಂದು ಪಟ್ಟು ಹಿಡಿಯುತ್ತಿದ್ದರು. ಈಗ ಬಿ.ಕಾಂ. ಮುಗಿಸಿದವರು ಓದದೇ ಒತ್ತುತ್ತಾರೆ. ತಪ್ಪು ಸಿಕ್ಕ ಮೇಲೆ ಮುಂದಿನ ಮಾತೂ ಸಿದ್ಧ: "ಸ್ವಲ್ಪ ಸ್ಪಿರಿಟ್ ಹಚ್ಚಿ ಒರಸಿ, 'ಪೇಟೆ' ಮಾಡಿ ಕೊಟ್ಬಿಡ್ರಿ." ಒರೆಸಿದರೆ ಹೋಗಬಾರದೆಂದೇ ಅದರ ಮೇಲೆ ಪಾರದರ್ಶಕ ಪೊರೆ ಕೂರಿಸಿರುತ್ತೇವೆ. ಕಾಗದವಾದರೆ ಮೇಲೊಂದು ಚೀಟಿ ಅಂಟಿಸಬಹುದಿತ್ತು. ಪ್ಲಾಸ್ಟಿಕ್ಕಿಗೆ ಅಂಟಿಸಿದ ಚೀಟಿ ಪರ್ಸಿನೊಳಗೆ ನಾಲ್ಕು ದಿನ ತಿಕ್ಕಾಡಿ ಯಾರದೋ ನೋಟಿಗೆ ಮೆತ್ತಿಕೊಂಡು ಹೊರಬರುತ್ತದೆ.

ಈ ಹೆಬ್ಬೆಟ್ಟಿನ ಗಿರಾಕಿಯ ಲಕ್ಷಣ ಪ್ರೂಫಿಗಿಂತ ಮೊದಲೇ, ಲೋಗೋ ಕೇಳಿದಾಗಲೇ ಗೊತ್ತಾಗುತ್ತದೆ. "ಲೋಗೋ ಕಳಸ್ರೀ" ಎಂದರೆ ಅವರು ಅಂಗಡಿಯಿಂದ ಇಳಿದು, ರಸ್ತೆ ದಾಟಿ, ಎದುರಿನ ಕಟ್ಟೆಯ ಮೇಲೆ ನಿಂತು ತಮ್ಮದೇ ಬೋರ್ಡಿನ ಫೋಟೋ ಹೊಡೆದು ಕಳಿಸುತ್ತಾರೆ. ಅದರಲ್ಲಿ ಕರೆಂಟಿನ ತಂತಿ ಮೂರು, ಆಟೋ ಒಂದು, ಅರ್ಧ ಎಮ್ಮೆ. "ಇದ್ರಾಗಿಂದ ಲೋಗೋ ತಗೋರಿ, ಎಮ್ಮಿ ಬಿಡ್ರಿ." ಆ ಫೋಟೋವನ್ನೂ ವಾಟ್ಸಾಪ್ ಹಿಂಡಿ ಹಿಪ್ಪೆ ಮಾಡಿ ತಲುಪಿಸಿರುತ್ತದೆ. ಕಾರ್ಡಿನ ಅಳತೆ 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ, ದಪ್ಪ 0.76. ಎಟಿಎಂ ಕಾರ್ಡಿನದೇ ಅಳತೆ. ಇಂಚಿಗೆ 300 ಚುಕ್ಕಿಯಂತೆ ಛಾಪಿಸಲು ಇಡೀ ಕಾರ್ಡಿಗೆ ಸುಮಾರು 1011 × 638 ಪಿಕ್ಸೆಲ್ ಬೇಕು. ಅವರ ಫೋಟೋದಲ್ಲಿ ಲೋಗೋದ ಪಾಲಿಗೆ ಬಂದದ್ದು ಎಂಬತ್ತು ಪಿಕ್ಸೆಲ್. ಅದನ್ನು ಹಿಗ್ಗಿಸಿದರೆ ಕಮಲದ ಹೂವು ಹೂಕೋಸು ಆಗುತ್ತದೆ. ಬೋರ್ಡು ಬರೆದವರ ಹತ್ತಿರ ಕೋರಲ್‌ಡ್ರಾ ಫೈಲೋ ಪಿಡಿಎಫ್ಫೋ ಇದ್ದೇ ಇರುತ್ತದೆ. ಅದನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಅರ್ಧ ಜಗಳ ಇಲ್ಲೇ ತೀರುತ್ತದೆ. ಆದರೆ ಬೋರ್ಡು ಬರೆದವರಿಗೆ ಇನ್ನೂ ಬಾಕಿ ಕೊಡುವುದಿರುತ್ತದೆ, ಹಾಗಾಗಿ ಅವರಿಗೆ ಫೋನು ಹೋಗುವುದಿಲ್ಲ.

ಲೋಗೋ ಆದ ಮೇಲೆ ದೇವರು. ಕಾರ್ಡಿನ ನೆತ್ತಿಯ ಮೇಲೆ 'ಶ್ರೀ ಸಿದ್ಧಾರೂಢ ಪ್ರಸನ್ನ' ಇರಲೇಬೇಕು, ಇರಲಿ. ಆದರೆ ಅದನ್ನು ತುದಿಗಂಟಿಸಿ ಬರೆಯಿರಿ ಎನ್ನುತ್ತಾರೆ, ಕೆಳಗೆ 'ಸ್ಪೆಷಲ್ ಡಿಸ್ಕೌಂಟ್' ದೊಡ್ಡದಾಗಿ ಬರಬೇಕಲ್ಲ. ಕಾರ್ಡು ಕತ್ತರಿಸುವ ಡೈ ಹೊಡೆಯುವಾಗ ಒಂದು ಮಿಲಿಮೀಟರ್ ಆಚೀಚೆ ಸರಿಯುವುದು ಇದ್ದದ್ದೇ. ಅದಕ್ಕೇ ಹಿನ್ನೆಲೆ ಬಣ್ಣವನ್ನು ಕಾರ್ಡಿನಾಚೆ 3 ಮಿ.ಮೀ. ಹರಿಯಬಿಡುತ್ತೇವೆ, ಅಕ್ಷರಗಳನ್ನು ಅಂಚಿನಿಂದ 3 ಮಿ.ಮೀ. ಒಳಗೆ ಕೂರಿಸುತ್ತೇವೆ. ದೇವರಿಗೂ ಅಷ್ಟು ಜಾಗ ಬಿಟ್ಟರೆ ಕ್ಷೇಮ.

ಇನ್ನು "ಎಷ್ಟಾಗ್ತೇತಿ?" ಎಂಬ ಪ್ರಶ್ನೆ. ಇದಕ್ಕೆ ಎಷ್ಟು ಬೇಕು, ಯಾವಾಗ ಬೇಕು ಎಂಬ ಎರಡು ಮರುಪ್ರಶ್ನೆ ಇವೆ. ಐವತ್ತೋ ಅರವತ್ತೋ ಸಾಕೆಂದರೆ ಡ್ರ್ಯಾಗನ್ ಶೀಟ್ ಎಂಬ ಪ್ಲಾಸ್ಟಿಕ್ ಹಾಳೆ: ಎ4 ಹಾಳೆಗೆ ಹತ್ತು ಕಾರ್ಡು, ಇಂಕ್‌ಜೆಟ್ಟಿನಲ್ಲಿ ಛಾಪಿಸಿ, ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಫ್ಯೂಸಿಂಗ್ ಮಷಿನ್ನಿನಲ್ಲಿ ಬಿಸಿ ಒತ್ತಿ, ಡೈಯಿಂದ ಕತ್ತರಿಸುವುದು. ಶಾಯಿ ಆರುವ ಮೊದಲೇ ಅವಸರ ಮಾಡಿ ಒತ್ತಿದರೆ ತಿಂಗಳೊಪ್ಪತ್ತಿನಲ್ಲಿ ಕಾರ್ಡು ಚಿರೋಟಿಯಂತೆ ಪದರು ಬಿಚ್ಚುತ್ತದೆ. ಸಾವಿರಾರು ಬೇಕು, ಸಮಯವೂ ಇದೆ ಎಂದರೆ ಆಫ್‌ಸೆಟ್. ದೊಡ್ಡ ಪಿವಿಸಿ ಹಾಳೆಯ ಮೇಲೆ ಛಾಪಿಸಿ, ಎರಡೂ ಕಡೆ ತೆಳು ಪಾರದರ್ಶಕ ಹಾಳೆ ಹೊದಿಸಿ, ನೂರು ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಅದುಮುತ್ತಾರೆ. ತಣ್ಣಗಾಗುವವರೆಗೆ ಒತ್ತಡದಲ್ಲೇ ಇರಬೇಕು, ಬಿಸಿಯಿದ್ದಾಗಲೇ ತೆಗೆದರೆ ಕಾರ್ಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಪ್ಲೇಟಿನ ಖರ್ಚು ನೂರಕ್ಕೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ. "ನೂರs ಮಾಡ್ರಿ, ಹತ್ತ್ ಸಾವ್ರದ ರೇಟ್ ಹಾಕ್ರಿ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ನಡುವಿನದು ರಿಬ್ಬನ್ ಮಷಿನ್ನು, ರಿಬ್ಬನ್ನಿನ ಬಣ್ಣವನ್ನು ಬಿಸಿ ಮಾಡಿ ಕಾರ್ಡಿಗೆ ಇಳಿಸುವಂಥದು. ದಿನದ ಜಗಳಗಳೆಲ್ಲ ಇದರದ್ದೇ. ಹಳದಿ, ಗುಲಾಬಿ, ನೀಲಿ, ಕಪ್ಪು, ಕೊನೆಗೆ ಪೊರೆ, ಹೀಗೆ ಐದು ತುಂಡು ಖರ್ಚಾದರೆ ಕಾರ್ಡಿನ ಒಂದು ಬದಿ. ಒಂದು ರೋಲಿಗೆ ಇಂಥ ಇನ್ನೂರರಿಂದ ಮುನ್ನೂರು ಬದಿ. "ಬರೇ ಒಂದು ಕೆಂಪು ಗೆರಿ ಐತ್ರೀ, ಅದ್ರಾಗ ಏನ್ ಬಣ್ಣ ಹೋಗ್ತೇತಿ?" ಎಂದು ಕೇಳುವವರಿದ್ದಾರೆ. ಗೆರೆ ಒಂದೇ ಇರಲಿ, ಅಂಚಿನವರೆಗೂ ಬಣ್ಣವಿರಲಿ, ಐದೂ ತುಂಡು ಸುರುಳಿ ಸುತ್ತಿಕೊಂಡು ಮುಂದೆ ಹೋಗುತ್ತವೆ, ಹಿಂದಕ್ಕೆ ಬರುವುದಿಲ್ಲ. ಕಾರ್ಡಿನ ಮೇಲೆ ಒಂದು ಕಣ ಧೂಳು ಕೂತರೆ ಅಲ್ಲಿ ಬಣ್ಣ ಇಳಿಯದೆ ಬಿಳಿ ಚುಕ್ಕಿ. ಇಂಥ ಮಷಿನ್ನನ್ನು ತಂದು ಹುಬ್ಬಳ್ಳಿಯಲ್ಲಿ ಇಟ್ಟಿದ್ದೇವೆ, ನಮ್ಮ ಧೈರ್ಯ ದೊಡ್ಡದು. ಖಾಲಿ ಕಾರ್ಡಿನ ಅಂಚನ್ನಷ್ಟೇ ಹಿಡಿಯಬೇಕು. ಗಿರಮಿಟ್ ತಿಂದ ಕೈಯಲ್ಲಿ "ಪ್ಲಾಸ್ಟಿಕ್ ಗಟ್ಟಿ ಐತೇನ್ರೀ?" ಎಂದು ಸವರಿ ನೋಡಿದ ಸಾವಕಾರರ ಬೆರಳಚ್ಚು ಛಾಪಿಸಿದ ಮೇಲೆ ಚಂದವಾಗಿ ಎದ್ದು ಕಾಣುತ್ತದೆ. ಅಲ್ಲೂ ಹೆಬ್ಬೆಟ್ಟೇ!

ಬೇಡಿಕೆಗಳ ಪಟ್ಟಿಯಲ್ಲಿ ಕಪ್ಪು ಪಟ್ಟಿಯೂ ಒಂದು. "ಹಿಂದ ಎಟಿಎಂ ಕಾರ್ಡಿನಂಗ ಕರೇ ಪಟ್ಟಿ ಇರ್ಲಿ." ಅದನ್ನು ಉಜ್ಜುವ ಯಂತ್ರ ಅಂಗಡಿಯಲ್ಲಿ ಇದೆಯೇ ಎಂದರೆ ಇಲ್ಲ. ಶೋಕಿಗೆ. ನಾಟಕದವರು ಮೀಸೆ ಅಂಟಿಸಿಕೊಂಡ ಹಾಗೆ. ನಿಜವಾಗಿ ಬಳಸುವವರಾದರೆ 2750 ಓರ್ಸ್ಟೆಡ್ಡಿನದು ಕೇಳಿ, ಈ ಅಂಕಿ ದೊಡ್ಡದಾದಷ್ಟೂ ಪಟ್ಟಿ ಅಯಸ್ಕಾಂತಕ್ಕೆ ಸುಲಭಕ್ಕೆ ಅಳಿಯದು. 300ರದ್ದು ಮೊಬೈಲ್ ಕವರಿನ ಅಯಸ್ಕಾಂತಕ್ಕೆ ತಾಗಿದರೂ ಅಳಿಸಿಹೋಗಬಹುದು. ಸ್ಕ್ರ್ಯಾಚ್ ಪಟ್ಟಿಯದು ಬೇರೆ ಕತೆ. ಗುಪ್ತ ಸಂಖ್ಯೆಯ ಮೇಲೆ ಮೊದಲು ಪಾರದರ್ಶಕ ಲೇಪ, ಆಮೇಲೆ ಬೂದು ಪಟ್ಟಿ. ನಡುವಿನ ಲೇಪ ಉಳಿಸಲು ಹೋದರೆ ಗಿರಾಕಿ ಉಗುರಿನಿಂದ ಕೆರೆದಾಗ ಪಟ್ಟಿಯ ಜೊತೆ ಸಂಖ್ಯೆಯೂ ಉದುರುತ್ತದೆ.

ಧಾರವಾಡದ ಸಪ್ತಾಪುರದ ಕಡೆ ಸ್ಟಡಿ ರೂಮುಗಳವರು ಬಾಗಿಲು ತೆರೆಯುವ ಆರ್‌ಎಫ್‌ಐಡಿ ಕಾರ್ಡು ಮಾಡಿಸುತ್ತಾರೆ. ಕೊರಳಿಗೆ ಹಾಕಲು 14 × 3 ಮಿ.ಮೀ. ಕಿಂಡಿ ಬೇಕು. ಕಾರ್ಡಿನ ಹೊಟ್ಟೆಯಲ್ಲಿ ಅಂಚಿನ ಗುಂಟ ತಾಮ್ರದ ತಂತಿ ಸುತ್ತಿರುತ್ತದೆ ಎಂಬುದು ಮರೆತು, ಕಂಡಲ್ಲಿ ಪಂಚ್ ಒತ್ತಿದರೆ ತಂತಿ ತುಂಡು, ಕಾರ್ಡು ಬರೀ ಪ್ಲಾಸ್ಟಿಕ್. ಕೆಎಎಸ್‌ಗೆ ಓದುವ ಹುಡುಗ ಬೆಳಗಿನ ಐದಕ್ಕೆ ಬಂದು, ಕಾರ್ಡನ್ನು ಬಾಗಿಲಿಗೆ ಆರತಿ ಎತ್ತಿದಂತೆ ತೋರಿಸುತ್ತ ಹೊರಗೇ ನಿಲ್ಲುತ್ತಾನೆ. ಬಲ್ಬಿನ ಬೆಳಕಿಗೆ ಹಿಡಿದರೆ ತಂತಿಯ ನೆರಳು ಕಾಣುತ್ತದೆ, ಅದನ್ನು ತಪ್ಪಿಸಿ ಒತ್ತಬೇಕು. ತಂತಿ ಇಲ್ಲದ ಕಾರ್ಡಾದರೆ ಕಿಂಡಿ ನೇರ ಫೋಟೋದಲ್ಲಿನ ಮೆಂಬರರ ಹಣೆಗೇ ಬೀಳುತ್ತದೆ, ಮೂರನೇ ಕಣ್ಣಿನ ಹಾಗೆ.

ನಂಬರಿನ ಪಟ್ಟಿ ಎಕ್ಸೆಲ್ಲಿನಲ್ಲಿ ಬರುತ್ತದೆ. 00047 ಎಂದು ಹೊಡೆದರೆ ಎಕ್ಸೆಲ್ 47 ಎಂದುಕೊಳ್ಳುತ್ತದೆ, ಮುಂದಿನ ಸೊನ್ನೆಗೆ ಅದರ ಲೆಕ್ಕದಲ್ಲಿ ಬೆಲೆಯಿಲ್ಲ. ಹದಿನಾರು ಅಂಕಿಯ ನಂಬರು ಕೊಟ್ಟರಂತೂ ಹದಿನೈದಕ್ಕೆ ನಿಲ್ಲಿಸಿ ಕೊನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಅಂದರೆ ಹತ್ತು ಕಾರ್ಡಿಗೆ ಒಂದೇ ನಂಬರು. ಒಬ್ಬಾಕಿಯ ಬ್ಯಾಲೆನ್ಸಿನಲ್ಲಿ ಹತ್ತು ಮಂದಿಗೆ ಇಳಕಲ್ ಸೀರೆ. ಕಾಲಮ್ಮನ್ನು ಮೊದಲೇ 'ಟೆಕ್ಸ್ಟ್' ಮಾಡಿ ಆಮೇಲೆ ಟೈಪಿಸಿದರೆ ಈ ಪುಣ್ಯಕಾರ್ಯ ತಪ್ಪುತ್ತದೆ. ಬಾರ್‌ಕೋಡನ್ನು ರಿಬ್ಬನ್ನಿನ ಕಪ್ಪು ತುಂಡಿನಲ್ಲೇ ಛಾಪಿಸಬೇಕು. ಮೂರು ಬಣ್ಣ ಬೆರೆಸಿದ ಕಪ್ಪು ನಮ್ಮ ಕಣ್ಣಿಗೆ ಕಪ್ಪೇ, ಇನ್‌ಫ್ರಾರೆಡ್ ಸ್ಕ್ಯಾನರಿಗೆ ಮಾತ್ರ ಅಲ್ಲಿ ಏನೂ ಇರುವುದಿಲ್ಲ.

ಕನ್ನಡದ ಪಾಡು ಕೇಳಬೇಡಿ. ಹಳೆಯ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ತೆರೆದರೆ ಒತ್ತಕ್ಷರ ಕಿತ್ತುಬಂದು ಊರೇ 'ಹುಬ್‌ಬಳ್‌ಳಿ' ಆಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಯಾವ ದೇಶದ್ದೆಂದು ಹೇಳಲಾಗದ ಮಂತ್ರ. ಅಕ್ಷರಗಳನ್ನು 'ಕರ್ವ್ಸ್' ಮಾಡಿ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಚಿತ್ರ ಮಾಡಿ, ಕಳಿಸಿ ಎಂದು ಬೇಡುವುದು ಅದಕ್ಕೇ. ಕರ್ವ್ಸ್ ಮಾಡಿದ ಮೇಲೆ ಆಚೀಚೆ ಆಗುವುದಿಲ್ಲ. ಆದರೆ ತಪ್ಪಿದ್ದರೆ ತಪ್ಪೂ ಹಾಗೇ ಕಲ್ಲಾಗುತ್ತದೆ. ಪೇಟೆ ಪೇಟವಾದದ್ದು ಹಾಗೆಯೇ.

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಓದುತ್ತಿದ್ದರು, ಒತ್ತಿಗೆ ಬೇರೆ ಮೊಳೆ, ಗುಡಿಸಿಗೆ ಬೇರೆ. ಲಗ್ನಪತ್ರಿಕೆಯ ಕರಡು ಬಂದರೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪೆನ್ಸಿಲ್ ಹಿಡಿದು ಹೊಂದಿಸಿ ನೋಡುವುದು. ಮದುಮಗಳ ಸೋದರಮಾವನ ಹೆಸರಿನ ದೀರ್ಘ ತಪ್ಪಿದರೆ ಲಗ್ನದಲ್ಲಿ ಆತ ಊಟ ಬಿಟ್ಟು ಏಳುತ್ತಾನೆಂಬ ಭಯವಿತ್ತು. ಆ ಓದಿನ ಸದ್ದಿಗೆ ಟ್ರೆಡಲ್ ಮಷಿನ್ನಿನ ಸದ್ದೂ ಬೆರೆತು, ಪ್ರೆಸ್ಸಿನೊಳಗೆ ಕಾಲಿಟ್ಟರೆ ಸೀಮೆಎಣ್ಣೆಯ ವಾಸನೆ.

ಇರಲಿ. 500 ಕಾರ್ಡು ಮತ್ತೆ ಛಾಪಿಸಬೇಕು, ನಾಲ್ಕೈದು ರೋಲು ರಿಬ್ಬನ್ ಹೋಯಿತು, ಅದರ ದುಡ್ಡಿನಲ್ಲಿ ಅರ್ಧ ಯಾರದೆಂಬ ಮಾತುಕತೆ ಇನ್ನೂ ನಡೆದಿದೆ. ಈ ಸಲ ಪ್ರೂಫಿನ ಜೊತೆ ಬರೆದೆವು: "ಸಾವಕಾರ್ರ, ಹೆಬ್ಬೆಟ್ಟು ಬ್ಯಾಡ್ರಿ. ಎರಡೂ ಬದಿ ಗಟ್ಟಿಯಾಗಿ ಓದಿ ವಾಯ್ಸ್ ಮೆಸೇಜ್ ಕಳಸ್ರಿ."

ಕಳಿಸಿದರು. ದೇವರಿಂದ ಹಿಡಿದು ಶರತ್ತಿನ ಆರನೇ ಸಾಲಿನವರೆಗೆ ಶಾಲೆಯ ಹುಡುಗನಂತೆ ಓದಿದ್ದಾರೆ. ಪೇಟೆ ಸರಿಯಾಗಿದೆ. ಕೊನೆಗೆ ಒಂದು ಕ್ಷಣ ತಡೆದು, "ಎಲ್ಲಾ ಛಲೋ ಆಗೇತ್ರಿ. ಅದಿರ್ಲಿ, ಈ ಎರಡನೇ ಫೋನ್ ನಂಬರ್ ಯಾರ್ದು?"

ಅವರದೇ. ಬಂದಾಗಿ ನಾಲ್ಕು ವರ್ಷವಾಯಿತಂತೆ. ಅವರು ಕಳಿಸಿದ ಬೋರ್ಡಿನ ಫೋಟೋದಲ್ಲಿ, ಎಮ್ಮೆಯ ಕೊಂಬಿನ ಮೇಲೆ, ಇನ್ನೂ ಸ್ಪಷ್ಟವಾಗಿ ಕಾಣುತ್ತಿದೆ.